ಗ್ವಾದಲಿ ಓದಲು ಕಲಿಸಿದವರು

ಎಮ್ಮೆ ಹಾಯಬಹುದಿತ್ತು. ಆಡು ಹಗ್ಗ ಹರಿದುಕೊಂಡು ಪಕ್ಕದ ಹೊಲದ ಕಡಲೆಗೆ ನುಗ್ಗಬಹುದಿತ್ತು. ಬಣವೆಯಲ್ಲಿ ಹಾವು ಇರಬಹುದಿತ್ತು. ಚೇಳಂತೂ ಇದ್ದೇ ಇರುತ್ತದೆ. ಆಕಳು ಯಾವುದೋ ಹುಡುಗನ ಹೆಬ್ಬೆರಳ ಮೇಲೆ ಗೊರಸು ಇಟ್ಟು, ಆರಾಮವಾಗಿ ಮೆಲುಕು ಹಾಕುತ್ತ ನಿಂತುಬಿಡಬಹುದಿತ್ತು. ಕುಡಗೋಲು ಕೈಗೆ ತಾಗಬಹುದಿತ್ತು. ಅದಕ್ಕೆಂದೇ ನಾನು ಕುಡಗೋಲನ್ನು ಶಾಲೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದೆ, ಆದರೆ ಕೀಲಿಯೇ ಕಳೆಯಬಹುದಿತ್ತು. ಯಾರೋ ಒಬ್ಬ ಪಾಲಕರು ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಸರಕಾರಿ ಶಾಲೆಯಲ್ಲಿ ಮಕ್ಕಳಿಂದ ದನ ಕಾಯಿಸುತ್ತಾರೆ ಎಂದು ಹತ್ತೂರಿಗೆ ಹಂಚಬಹುದಿತ್ತು. ಅದು ಬೈಲಹೊಂಗಲದ ಶಿಕ್ಷಣ ಇಲಾಖೆಯ ಸಾಹೇಬರ ಮೊಬೈಲಿಗೂ ಬಂದು, ಅವರು ನನಗೆ ಕಾರಣ ಕೇಳಿ ನೋಟೀಸು ಕೊಟ್ಟು, ನಾನು ಗಾಬರಿಯಲ್ಲಿ ಉತ್ತರ ಬರೆಯುವಾಗ ನಾಲ್ಕು ಕಡೆ ಒತ್ತಕ್ಷರ ತಪ್ಪಿ, ಕನ್ನಡ ಕಲಿಸುವವನೆಂಬ ಮಾನವೂ ಹೋಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಇದರಲ್ಲಿ ಯಾವುದೇ ಒಂದು ಸುದ್ದಿ ಕಿತ್ತೂರಿಗೆ ಮುಟ್ಟಿದರೆ, ಅಲ್ಲಿ ಮಗಳ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಮೊದಲ ಬಸ್ಸು ಹಿಡಿದು ಬಂದು, ಹೊಟ್ಟಿನ ಧೂಳಿನಲ್ಲಿ ಬಗ್ಗಿ, ತಮಗಿದ್ದ ಒಂದೇ ಒಂದು ಕಣ್ಣನ್ನೂ ಕಳೆದುಕೊಳ್ಳಬಹುದಿತ್ತು.

ಹದಿನೈದು ದಿನ. ಎರಡು ಎಮ್ಮೆ, ಒಂದು ಆಕಳು, ಮೂರು ಆಡು, ಇಪ್ಪತ್ತೆರಡು ಮಕ್ಕಳು, ಮತ್ತು ನಾನು.

ಅವರನ್ನು ಊರೆಲ್ಲ ಕಂಪೌಂಡರ್ ಕಾಕಾ ಎನ್ನುತ್ತಿತ್ತು. ದನದ ದವಾಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿ ನಿವೃತ್ತರಾದವರು. ಸಂಪಗಾಂವದ ಆಚೆಗಿನ ಆ ಊರಿನ ಸರಕಾರಿ ಶಾಲೆಗೆ ನಾನು ಮುಖ್ಯಾಧ್ಯಾಪಕನಾಗಿ ಹೋದಾಗ, ಅವರ ದನದ ಮನೆಗೂ ನಮ್ಮ ಶಾಲೆಗೂ ನಡುವೆ ಇದ್ದದ್ದು ಎದೆಯೆತ್ತರದ ಒಂದು ಗೋಡೆ ಮಾತ್ರ. ಈಗ ನಾನು ವರ್ಗವಾಗಿ ರಾಮದುರ್ಗದ ಕಡೆ, ಸಾಲಹಳ್ಳಿಗೆ ಬಂದಿದ್ದೇನೆ. ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರೆಂದು ಫೋನ್ ಬಂತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಅವರ ಫೋಟೋ ಇಟ್ಟು ಮಾಲೆ ಹಾಕಿದ್ದರು. ಆ ಫೋಟೋದಲ್ಲಿ ಅವರಿಗೆ ಎರಡೂ ಕಣ್ಣು ಇದ್ದವು; ತೀರ ಹಳೆಯದಿರಬೇಕು. ನನಗೆ ಪರಿಚಯವಿದ್ದ ಮುಖದಲ್ಲಿ ಎಡಗಣ್ಣು ಬೆಳ್ಳಗಾಗಿತ್ತು. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಎತ್ತಿಗೆ ಸೂಜಿ ಚುಚ್ಚುವಾಗ ಅದು ತಲೆ ಕೊಡವಿ, ಕೊಂಬು ತಗಲಿತ್ತಂತೆ.

"ಎತ್ತಿಂದೇನ ತಪ್ಪ ಇಲ್ರಿ," ಎಂದು ಅವರು ಆ ಎತ್ತಿನ ಪರವಾಗಿ ಸಾಯುವವರೆಗೂ ವಾದಿಸುತ್ತಿದ್ದರು. "ನಾ ಹೇಳದ ಕೇಳದ ಹಿಂದಿನಿಂದ ಹೋದೆ. ಹೇಳಿ ಹೋಗಬೇಕಿತ್ತು."

ಅಂದಿನಿಂದ ಅವರು ಯಾವ ದನದ ಹತ್ತಿರ ಹೋಗಬೇಕಾದರೂ ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಒಮ್ಮೆ ಕೆಮ್ಮುತ್ತಿದ್ದರು. ಆ ರೂಢಿ ಎಷ್ಟು ಬೆಳೆದಿತ್ತೆಂದರೆ ನನ್ನ ಕೋಣೆಗೆ ಬರುವಾಗಲೂ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದರು. ನಾನು ಹಾಯುವ ಪೈಕಿ ಅಲ್ಲವೆಂದು ಅವರಿಗೆ ಕೊನೆಯವರೆಗೂ ಪೂರ್ತಿ ಖಾತ್ರಿಯಾದಂತೆ ಕಾಣಲಿಲ್ಲ.

ಮೊದಲ ಸಲ ಅವರು ಹಾಗೆ ಕೆಮ್ಮಿ ಒಳಗೆ ಬಂದಾಗ ನಾನು ಆ ಶಾಲೆಗೆ ಹೋಗಿ ತಿಂಗಳೂ ಆಗಿರಲಿಲ್ಲ. ಕೈಯಲ್ಲಿ ಒಂದು ತಾಟು, ತಾಟಿನಲ್ಲಿ ಮಣ್ಣು ಮೆತ್ತಿದ ಅನ್ನ.

"ಮಾಸ್ತರ, ನಿಮ್ಮ ಹುಡುಗೂರು ಬಿಸಿಯೂಟದ ಅನ್ನಾ ಗ್ವಾಡಿ ಮ್ಯಾಲಿಂದ ನಮ್ಮ ಎಮ್ಮಿಗೆ ಹಾಕಾಕತ್ತಾರ."

ನಾನು ಎದ್ದು ನಿಂತೆ. ತಪ್ಪಾಯಿತೆಂದೆ. ಹುಡುಗರನ್ನು ಕರೆಸುತ್ತೇನೆ, ಗೋಡೆಯನ್ನು ಎತ್ತರಿಸಲು ಪಂಚಾಯ್ತಿಗೆ ಬರೆಯುತ್ತೇನೆ, ಎಮ್ಮೆಗೆ ಏನಾದರೂ ಆಗಿದ್ದರೆ ಔಷಧದ ಖರ್ಚು ನನ್ನದೆಂದೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಅವರಿಗೆ ಅರ್ಧವೂ ಕೇಳಿಸಿರಲಿಕ್ಕಿಲ್ಲ.

"ಕುಂಡ್ರ್ರಿ ಮೊದಲ," ಎಂದರು, ನನ್ನ ಕೋಣೆಯಲ್ಲಿ ನನಗೇ. "ಹಾಕಿದ್ದು ತಪ್ಪಲ್ರಿ. ಹಸಿದಿರಬೇಕು ಅಂತ ಹಾಕ್ಯಾರ. ಆದ್ರ ಅನ್ನಾ ಹೆಚ್ಚಾದ್ರ ಎಮ್ಮಿ ಹೊಟ್ಟಿ ಹುಳಿ ಆಗತೈತಿ, ಜೀವಕ್ಕೂ ಬರತೈತಿ. ಅದು ಅವಕ್ಕ ಗೊತ್ತಿಲ್ಲ. ಅದನ್ನ ಕಲಸೂದು ಯಾರ ಕೆಲಸ? ನಿಮ್ದೋ, ನಂದೋ?"

ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ನಾನು ಸಾಮಾನ್ಯವಾಗಿ ಮೇಲಧಿಕಾರಿಗಳನ್ನು ಕೇಳಿ ಹೇಳುತ್ತೇನೆ ಎನ್ನುತ್ತೇನೆ. ಅಂದೂ ಹಾಗೆಯೇ ಎಂದೆ. ಅವರು ನಕ್ಕು, "ಸಾಹೇಬರಿಗೆ ಎಮ್ಮಿ ಹೊಟ್ಟಿ ಸುದ್ದಿ ಯಾಕ್ರಿ? ನಾಳೆ ಮುಂಜಾನೆ ಎಂಟೂವರಿಗೆ ಕಳಸ್ರಿ, ಪ್ರಾರ್ಥನಾಕ್ಕ ಹೊಳ್ಳಿ ಕಳಸ್ತೇನಿ," ಎಂದು ತಾಟು ಎತ್ತಿಕೊಂಡು ಹೋದರು.

ಹೀಗೆ ಶುರುವಾಯಿತು. ಬರುವ ಮಕ್ಕಳು ಸ್ವಂತ ಖುಷಿಯಿಂದ ಬರಬೇಕು, ಮನೆಯಲ್ಲಿ ಹೇಳಿ ಬರಬೇಕು ಎಂದು ನಾನು ಪಾಲಕರಿಂದ ಒಪ್ಪಿಗೆ ಚೀಟಿ ಬರೆಸಿಕೊಂಡೆ. ಎರಡೆರಡು ಪ್ರತಿ. ಒಂದನ್ನು ಶಾಲೆಯಲ್ಲಿಟ್ಟೆ, ಇನ್ನೊಂದನ್ನು, ಶಾಲೆಗೆ ಬೆಂಕಿ ಬಿದ್ದರೆ ಇರಲೆಂದು, ಬೈಲಹೊಂಗಲದ ನನ್ನ ಮನೆಯಲ್ಲಿಟ್ಟೆ.

ಮೊದಲ ದಿನ ನಾನೂ ಹೋಗಿ ಗೋಡೆಯ ಈಚೆ ನಿಂತು ನೋಡಿದೆ. ಮಕ್ಕಳು ಮೇವು ಹಾಕಲು ಕೈಕೈ ಮುಂದೆ ಮಾಡುತ್ತಿದ್ದರು. ಅವರು ಮೇವಿನ ಹೊರೆಯ ಮೇಲೆ ತಾವೇ ಕೂತುಬಿಟ್ಟರು.

"ಇವತ್ತ ಯಾರೂ ಏನೂ ಹಾಕೂದಿಲ್ಲ. ಗ್ವಾದಲಿ ನೋಡ್ರಿ. ನಿನ್ನೆ ರಾತ್ರಿ ನಾ ಹಾಕಿದ್ದರಾಗ ಏನ ಉಳಿಸ್ಯಾವು, ಹೇಳ್ರಿ."

ನಮ್ಮ ಕಡೆ ದನಗಳು ಮೇವು ತಿನ್ನುವ ತೊಟ್ಟಿಗೆ ಗ್ವಾದಲಿ ಎನ್ನುತ್ತೇವೆ. ಮಕ್ಕಳು ಬಗ್ಗಿ ನೋಡಿದರು. ಕಸ ಐತ್ರಿ, ಎಂದ ಒಬ್ಬ. ಕಣಕಿ ಐತ್ರಿ, ಎಂದ ಇನ್ನೊಬ್ಬ. ಜೋಳದ ಒಣ ದಂಟು ಕಣಕಿ. ಆರನೆಯ ತರಗತಿಯ ಸುಮಿತ್ರಾ ಎಂಬ ಹುಡುಗಿ ಬಹಳ ಹೊತ್ತು ನೋಡಿ, "ಕಾಕಾ, ಈ ಎಮ್ಮಿ ಬುಡದ ಗಟ್ಟಿ ಗಣಿಕಿ ಅಷ್ಟ ಬಿಟ್ಟೈತಿ. ಆ ಎಮ್ಮಿ ಅದನ್ನೂ ಬಿಟ್ಟಿಲ್ಲ," ಎಂದಳು.

"ಹಂಗಂದ್ರ?"

"ಆ ಎಮ್ಮಿಗೆ ಸಾಲವಲ್ತು."

ಅವರು ಹೊರೆಯ ಮೇಲಿಂದ ಎದ್ದರು. ಆ ಎಮ್ಮೆಗೆ ಎರಡು ಸಿವುಡು, ಎಂದರೆ ಎರಡು ಸಣ್ಣ ಕಟ್ಟು ಮೇವು, ಹೆಚ್ಚಿಗೆ ಹಾಕಲು ಸುಮಿಗೇ ಹೇಳಿದರು. ಆಮೇಲೆ ಅವರು ಮಕ್ಕಳಿಗೆ ಹೇಳಿದ ಮಾತನ್ನು ನಾನು ಅಂದೇ ನನ್ನ ಡೈರಿಯಲ್ಲಿ ಬರೆದುಕೊಂಡೆ. "ಹಾಕಿದ್ದು ನಮ್ಮ ಸುದ್ದಿ. ಉಳಿಸಿದ್ದು ಅವುಗಳ ಸುದ್ದಿ. ಮುಂಜಾನೆ ಎದ್ದ ಕೂಡಲೆ ಮೊದಲ ಅವುಗಳ ಸುದ್ದಿ ಓದಬೇಕು."

ಹಾಗೆ ದಿನಾ ಬೆಳಿಗ್ಗೆ ಗ್ವಾದಲಿ ಓದುವುದು ಅಲ್ಲಿಯ ಮೊದಲ ಪಾಠವಾಯಿತು. ಓದಿ ಹೇಳದವರಿಗೆ ಮೇವು ಮುಟ್ಟುವ ಹಕ್ಕಿಲ್ಲ. ಎಮ್ಮೆಗಳಿಗೆ ಅವರು ದೇವರ ಹೆಸರು ಇಟ್ಟಿರಲಿಲ್ಲ. ಯಾವ ಪೇಟೆಯಿಂದ ತಂದರೋ ಆ ಊರಿನ ಹೆಸರು. ಒಂದು ಮುರಗೋಡಿ, ಒಂದು ನೇಸರಗಿ. ಆಕಳನ್ನು ದೇಗಾಂವದಿಂದ ತಂದದ್ದರಿಂದ ದೇಗಾಂವಿ. ಮಕ್ಕಳು ಪ್ರಾರ್ಥನೆಗೆ ಬಂದು ಸಾಲಿನಲ್ಲಿ ನಿಂತು, "ಇವತ್ತ ನೇಸರಗಿ ಹಿಂಡಿ ಬಿಟ್ಟೈತಿ, ದೇಗಾಂವಿ ಚಲೋ ಉಂಡೈತಿ," ಎಂದು ಮಾತಾಡುವುದನ್ನು ಕೇಳಿದ ಹೊಸಬರಿಗೆ ತಾಲೂಕಿನ ಸುದ್ದಿ ಓದುತ್ತಿದ್ದಾರೆ ಅನಿಸಬೇಕು.

ಮೂರು ಆಡುಗಳಲ್ಲಿ ಒಂದು ಬಹಳ ಧೈರ್ಯದ್ದು. ಮಕ್ಕಳನ್ನು ಕಂಡರೆ ಸಾಕು, ಮುಂಗಾಲು ಎತ್ತಿ ಅವರ ಎದೆಯ ಮೇಲೇ ಇಡುತ್ತಿತ್ತು. ಎಲ್ಲರ ಕೈಯ ಸೊಪ್ಪೂ ಅದರ ಬಾಯಿಗೇ. ಒಂದು ವಾರ ಕಾಕಾ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಹಿಂದೆ ಗೋಡೆಗೆ ಒತ್ತಿ ನಿಂತಿದ್ದ ಸಣ್ಣ ಆಡನ್ನು ತೋರಿಸಿ, "ಅದಕ್ಕ ಯಾರ ಹಾಕಿದ್ರಿ?" ಎಂದು ಕೇಳಿದರು.

"ಅದು ಬರೂದ ಇಲ್ರಿ ಕಾಕಾ. ಕರದ್ರೂ ಬರೂದಿಲ್ಲ," ಎಂದರು ಮಕ್ಕಳು.

"ಬರಲಿಲ್ಲಂದ್ರ ಹಸಿವಿ ಇಲ್ಲಂತೇನು? ಮುಂದ ಬಂದದ್ದಕ್ಕ ಯಾರ ಬೇಕಾದ್ರೂ ಹಾಕತಾರ. ಅದಕ್ಕ ನಿಮ್ಮಂಥಾ ಶ್ಯಾಣ್ಯಾರ ಯಾಕ ಬೇಕು?"

ಮಕ್ಕಳು ಅಂದಿನಿಂದ ಒಬ್ಬರು ಧೈರ್ಯದ ಆಡನ್ನು ಮಾತಿನಲ್ಲಿ ಹಿಡಿದಿಟ್ಟು, ಇನ್ನೊಬ್ಬರು ಹಿಂದಿನದರ ಮುಂದೆ ಸದ್ದಿಲ್ಲದೆ ಕೂತು, ಸೊಪ್ಪನ್ನು ನೆಲಕ್ಕಿಟ್ಟು, ಮುಖ ಆಚೆ ತಿರುಗಿಸಿಕೊಂಡಿರಲು ಕಲಿತರು. ಯಾರೂ ನೋಡುತ್ತಿಲ್ಲವೆಂದು ಗೊತ್ತಾದ ಮೇಲೆಯೇ ಅದು ತಿನ್ನುತ್ತಿತ್ತು.

ನಾನು ಅಂದು ನಾಲ್ಕನೆಯ ತರಗತಿಗೆ ಹೋಗಿ ಲೆಕ್ಕದ ಪ್ರಶ್ನೆ ಕೇಳಿದೆ. ಎಂದಿನಂತೆ ಮುಂದಿನ ಸಾಲಿನ ಮೂರು ಕೈ ಮೇಲೆದ್ದವು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ನಾನು ಆ ಮೂರು ಕೈಗಳಿಗೇ ಪಾಠ ಮಾಡಿದ್ದೆನೆಂದು ಆ ಕ್ಷಣ ಹೊಳೆಯಿತು. ಬೇರೆ ಬೇರೆ ಶಾಲೆಗಳಲ್ಲಿ ಬೇರೆ ಬೇರೆ ಮಕ್ಕಳು, ಆದರೆ ಕೈ ಮಾತ್ರ ಮೂರೇ. ಹಿಂದಿನ ಬೆಂಚಿನ ಹುಡುಗಿಯ ಹತ್ತಿರ ಹೋಗಿ ಪಾಟಿಯನ್ನು ಅವಳ ಮುಂದಿಟ್ಟು, ಕಿಟಕಿಯಾಚೆ ನೋಡುತ್ತ ನಿಂತೆ. ನನಗೆ ಅದು ಬಹಳ ಕಷ್ಟವಾಯಿತು, ಅವಳು ತಪ್ಪು ಬರೆಯುತ್ತಿದ್ದಾಳೆಂದು ಬೆನ್ನಿಗೇ ಗೊತ್ತಾಗುತ್ತಿತ್ತು. ಆದರೂ ತಿರುಗಲಿಲ್ಲ. ಅವಳು ಬರೆದಳು, ತಪ್ಪನ್ನೇ ಬರೆದಳು. ಆದರೆ ಆ ವರ್ಷ ಅವಳು ಮೊದಲ ಬಾರಿಗೆ ಬರೆದದ್ದು ಅದೇ.

ಎಲ್ಲರೂ ಮೆಚ್ಚಿಕೊಂಡರೆಂದಲ್ಲ. ಸುಮಿಯ ಅಜ್ಜಿ ಒಂದು ದಿನ ಕೋಲೂರಿಕೊಂಡು ಕಾಕಾರ ದನದ ಮನೆಗೇ ಬಂದುಬಿಟ್ಟರು. ಊರ ದೊಡ್ಡ ವಾಡೆಯ ಹಿರಿಯರು. ಕಾಕಾರ ಓಣಿಯಲ್ಲಿ ಆ ಮನೆತನದವರು ನೀರು ಮುಟ್ಟುವುದಿಲ್ಲವೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಾನು ಒಪ್ಪಿಗೆ ಚೀಟಿ ಹಿಡಿದು ಹಿಂದೆಯೇ ಓಡಿದೆ.

"ಏನೋ ಕಂಪೌಂಡರ, ನಮ್ಮ ಮೊಮ್ಮಗಳ ಕೈಲೆ ಸಗಣಿ ಹಿಡಸಾಕ ಹತ್ತೀಯೇನು?"

"ಇಲ್ರಿ ಆಯಿ, ಸಗಣಿ ನಾನ ಹಿಡೀತೇನಿ. ನೀವು ಬಂದದ್ದ ಚಲೋ ಆತು ನೋಡ್ರಿ. ಈ ನೇಸರಗಿ ಎರಡ ದಿನಾ ಆತು ಹಿಂಡಿ ಬಿಡಾಕತ್ತೈತಿ. ಯಾಕಿರಬೇಕ್ರಿ?"

ಆಯಿ ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದರು. ಎಮ್ಮೆಯ ವಿಷಯ ಯಾರಾದರೂ ತಮ್ಮನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಕೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಗ್ವಾದಲಿಯಿಂದ ಒಂದು ಚಿಟಿಕೆ ಹಿಂಡಿ ತೆಗೆದು ಮೂಸಿದರು.

"ಮುಗ್ಗ ಹಿಡದೈತೋ, ಹುಚ್ಚಪ್ಪ! ನಿನಗ ಸರಕಾರ ಹ್ಯಾಂಗ ಪಗಾರ ಕೊಟ್ಟೀತೋ ಇಷ್ಟ ವರ್ಷ?"

"ಕೇಳಿದ್ರಿಲ್ಲೋ?" ಎಂದು ಕಾಕಾ ಮಕ್ಕಳ ಕಡೆ ತಿರುಗಿದರು. "ಬರೇ ನೋಡಿದ್ರ ಸಾಲೂದಿಲ್ಲ, ಮೂಸಬೇಕು. ಆಯಿ ಹೇಳಿದ್ದು ನೆಪ್ಪ ಇಟಗೋರ್ರಿ."

ಆಯಿ ಅಲ್ಲಿಯೇ ಕಟ್ಟೆಯ ಮೇಲೆ ಕೂತು, ತಮ್ಮ ತವರಿನ ಎಮ್ಮೆಗಳ ಕಥೆ ಹೇಳಿದರು. ನಡುವೆ ಕಾಕಾರ ಹೆಂಡತಿ, ನಮಗೆಲ್ಲ ಕಾಕು, ಚಹಾ ತಂದು ಮುಂದಿಟ್ಟರು. ಆಯಿ ಬಟ್ಟಲನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಆಮೇಲೆ ಎತ್ತಿ ಕುಡಿದು, "ಸಕ್ರಿ ಭಾಳ ಆತು," ಎಂದರು.

ಹಿಂಡಿ ಮುಗ್ಗಾಗಿದ್ದು ನಿಮಗೆ ಮೊದಲೇ ತಿಳಿದಿರಲಿಲ್ಲವೇ ಎಂದು ನಾನು ಆಮೇಲೆ ಕಾಕಾರನ್ನು ಕೇಳಿದೆ. "ನನಗ ಗೊತ್ತಿತ್ತೋ ಇಲ್ಲೋ, ಅದು ನಿಮಗ್ಯಾಕ ಬೇಕ್ರಿ ಮಾಸ್ತರ?" ಎಂದರು. "ಆಯಿಗೆ ಗೊತ್ತಿತ್ತಲ್ಲ?"

ಎರಡು ವರ್ಷ ಹೀಗೇ ನಡೆಯಿತು. ನಾನು ದಿನಾ ಏನಾದರೂ ಆದೀತೆಂದು ಕಾಯುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ಇದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಆಗಬೇಕಾದದ್ದೆಲ್ಲ ಒಟ್ಟಿಗೇ ಆಗಲು ಕೂಡಿಬೀಳುತ್ತಿದೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಸುಮಿ ನನ್ನ ಕೋಣೆಗೆ ಬಂದಳು. ಬಾಗಿಲಲ್ಲಿ ನಿಂತು ಕೆಮ್ಮಿದಳು. ಅಷ್ಟರಲ್ಲಿ ಶಾಲೆಯ ಅರ್ಧ ಮಕ್ಕಳಿಗೆ ಆ ಅಭ್ಯಾಸ ಅಂಟಿತ್ತು. ಆಗ ಅವಳು ಎಂಟನೆಯ ತರಗತಿಯಲ್ಲಿದ್ದಳು.

"ಸರ್, ಕಾಕಾಗ ಕಣ್ಣ ಕಾಣವಲ್ದು."

"ಒಂದ ಕಣ್ಣ ಮೊದಲಿಂದೂ ಇಲ್ಲಲ್ಲವಾ."

"ಇನ್ನೊಂದೂ, ಸರ್. ಗ್ವಾದಲಿ ನೋಡೂದಿಲ್ಲ, ಬರೇ ಕೈಯಾಡಸ್ತಾರ. ನಿನ್ನೆ ಬಕೀಟ್ ಬಿಟ್ಟು ಬಾಜೂಕ ನೀರ ಹಾಕಿದ್ರು. ನಮ್ಮನ್ನ ದನಿ ಮ್ಯಾಲ ಗುರ್ತ ಹಿಡೀತಾರ. ನಾ ಮಾತಾಡಲಾರದ ಮುಂದ ನಿಂತ್ನಿ, ಯಾರದು ಅಂದ್ರು."

ನಾನೂ ಅದನ್ನೆಲ್ಲ ನೋಡಿದ್ದೆ. ಕೈಯಾಡಿಸುವುದನ್ನು ನಾನು ಅನುಭವಿಗಳ ನೈಪುಣ್ಯವೆಂದುಕೊಂಡಿದ್ದೆ! ಒಬ್ಬ ಗೆಳೆಯನಿಗೆ ಹಾಗೆಂದು ವರ್ಣಿಸಿಯೂ ಇದ್ದೆ. ಇಲ್ಲದ ಹಾವು ಚೇಳುಗಳನ್ನು ಎರಡು ವರ್ಷ ಕಂಡವನಿಗೆ, ಕಣ್ಣ ಮುಂದೆ ಒಬ್ಬರ ಬೆಳಕು ಆರುತ್ತಿದ್ದದ್ದು ಕಂಡಿರಲಿಲ್ಲ. ದನದ ಮುಂದೆ ನಿಂತು ಕಲಿತ ನೋಟವನ್ನು ಆ ಹುಡುಗಿ ಮನುಷ್ಯರ ಮೇಲೆ ತಿರುಗಿಸಿದ್ದಳು.

ಕಾಕುವನ್ನು ಕೇಳಿದಾಗ ಎಲ್ಲ ಹೊರಬಂತು. ಬೆಳಗಾವಿಯ ಡಾಕ್ಟರು ಆರು ತಿಂಗಳ ಹಿಂದೆಯೇ ಹೇಳಿದ್ದರಂತೆ: ಪೊರೆ ಗಟ್ಟಿಯಾಗಿದೆ, ಬೇಗ ತೆಗೆಸದಿದ್ದರೆ ಈ ಕಣ್ಣೂ ಹೋದೀತು. ಆಪರೇಶನ್ ಆದ ಮೇಲೆ ಹದಿನೈದು ದಿನ ಬಗ್ಗಬಾರದು, ಭಾರ ಎತ್ತಬಾರದು, ಧೂಳಿನ ಹತ್ತಿರ ಸುಳಿಯಬಾರದು. "ಆ ಹದಿನೈದ ದಿನಾ ದನಕ್ಕ ಯಾರ ಹಾಕವ್ರು ಅಂತ ಮುಂದ ಮುಂದ ಹಾಕ್ಕೋತ ಬಂದಾರ್ರಿ," ಎಂದರು ಕಾಕು. "ಹಿಂಡೂದು ನಾ ಮಾಡತೇನಿ. ಮೊಣಕಾಲು ಹಿಂಗ, ಮೇವ ಹೊರೂದು ನನಗೆಲ್ಲಿ ಆಗತೈತಿ?"

ಅಂದು ಸಂಜೆ ಮಕ್ಕಳೆಲ್ಲ ಅವರ ಕಟ್ಟೆಯ ಮುಂದೆ ನಿಂತರು. ನಾವು ಹಾಕತೇವಿ, ಎಂದರು.

"ಸಾಲಿ ಹುಡುಗೂರ ಮ್ಯಾಲ ಆರು ಜೀವ ಬಿಟ್ಟ ಹೋಗ್ಲ್ಯಾ?" ಕಾಕಾ ತಲೆ ಅಲ್ಲಾಡಿಸಿದರು. "ಆಟ ಅಲ್ಲಿದು. ಅವು ನನ್ನ ಕೈ ಬಿಟ್ಟರ ಯಾರ ಕೈಯಾಗಿಂದೂ ಸರಿಯಾಗಿ ತಿನ್ನೂದಿಲ್ಲ."

"ಎರಡ ವರ್ಷ ಮತ್ತ ಯಾಕ ಕಲಸಿದ್ರಿ?" ಎಂದಳು ಸುಮಿ.

ಕಾಕಾ ನನ್ನ ಕಡೆ ತಿರುಗಿದರು, ನಾನು ನಿಂತಿದ್ದ ದಿಕ್ಕಿನ ಅಂದಾಜಿನಲ್ಲಿ, ಸ್ವಲ್ಪ ಆಚೆಗೆ. "ಮಾಸ್ತರ, ನೀವೇನಂತೀರಿ?"

ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. "ನಾ ಇರತೇನ್ರಿ," ಎಂದೆ.

ಅವರು ಒಂದು ಕರಾರು ಹಾಕಿದರು. ದಿನಾ ಒಂಬತ್ತೂ ಕಾಲಿಗೆ ಕಿತ್ತೂರಿನ ಮಗಳ ಮನೆಯಿಂದ ಫೋನ್ ಮಾಡುತ್ತೇನೆ, ಏನು ಉಳಿಸ್ಯಾವು ಎಂದು ಹೇಳಬೇಕು. "ಏನರ ಹೆಚ್ಚು ಕಡಿಮಿ ಅನಿಸಿತೋ, ಮೊದಲ ಬಸ್ಸಿಗೆ ಬಂದಬಿಡತೇನಿ. ಡಾಕ್ಟರ್ ಏನರ ಅನ್ಲಿ."

ಹದಿನೈದು ದಿನದ ಪಾಳಿಯ ಪಟ್ಟಿಯನ್ನು ನಾನೇ ಮಾಡಿದೆ. ಯಾವ ದಿನ, ಯಾವ ಹೊತ್ತು, ಯಾವ ಪ್ರಾಣಿಗೆ ಯಾರು. ಅವರಿಗೆ ಜ್ವರ ಬಂದರೆ ಯಾರು. ಆ ಬದಲಿಯವರಿಗೂ ಜ್ವರ ಬಂದರೆ ಯಾರು. ಎಲ್ಲರಿಗೂ ಬಂದರೆ ನಾನು. ನನಗೂ ಬಂದರೆ ಎಂಬ ಖಾನೆಯಲ್ಲಿ, ಹೇಳದೆ ಕೇಳದೆ, ನನ್ನ ಹೆಂಡತಿಯ ಹೆಸರು ಬರೆದಿದ್ದೆ. ಬೆಳಿಗ್ಗೆ ಏಳಕ್ಕೇ ಸ್ಕೂಟರ್ ಹೊರತೆಗೆದಾಗ ಅವಳು ಬಾಗಿಲಲ್ಲಿ ನಿಂತು, "ಮನ್ಯಾಗ ಒಂದು ತಂಬಿಗಿ ನೀರ ಎತ್ತಿ ಕೊಟ್ಟವರಲ್ಲ, ಎಮ್ಮಿಗೆ ಕುಡಸಾಕ ಹೊಂಟಾರ," ಎಂದಳು. ಪಟ್ಟಿಯ ಸುದ್ದಿಯನ್ನು ಅವಳಿಗೆ ಹೇಳುವ ಸಮಯ ಅದಲ್ಲವೆಂದು ಸುಮ್ಮನಾದೆ.

ಆಪರೇಶನ್ ಸುಸೂತ್ರವಾಗಿ ಆಯಿತು. ಕಾಕಾ ಕಿತ್ತೂರಿಗೆ ಹೋದರು. ಮಕ್ಕಳು ಬೆಳಿಗ್ಗೆ ಎಂಟೂವರೆಗೆ, ಸಂಜೆ ಶಾಲೆ ಬಿಟ್ಟ ಮೇಲೆ, ಭಾನುವಾರವೂ ತಪ್ಪದೆ ಬಂದರು. ಗ್ವಾದಲಿ ಓದಿದರು, ಮೇವು ಹಾಕಿದರು, ನೀರು ಕುಡಿಸಿದರು. ಒಂಬತ್ತೂ ಕಾಲಿಗೆ ಫೋನ್ ಬರುತ್ತಿತ್ತು, ಸುಮಿ ಉಳಿಕೆಯನ್ನು ಒಪ್ಪಿಸುತ್ತಿದ್ದಳು, ಆ ಕಡೆಯಿಂದ "ಹೂಂ, ಹೂಂ" ಕೇಳುತ್ತಿತ್ತು. ಎಂಟು ದಿನ ಕಳೆದವು.

ಒಂಬತ್ತನೆಯ ದಿನ ಮುರಗೋಡಿಯ ಗ್ವಾದಲಿ ಅರ್ಧ ತುಂಬಿತ್ತು.

ಸುಮಿ ಅದರಲ್ಲಿ ಕೈ ಹಾಕಿ ಒಂದೊಂದೇ ಎತ್ತಿ ನೋಡಿದಳು. ಎಲೆಯನ್ನಷ್ಟೇ ತಿಂದು ದಂಟನ್ನು ಬಿಟ್ಟಿತ್ತು. ಜಗಿದು ಉಗುಳಿದ ಒದ್ದೆ ಉಂಡೆಗಳು ತಳದಲ್ಲಿದ್ದವು. ಅವಳು ಎಮ್ಮೆಯ ಮುಂದೆ ನಿಂತು ಅದರ ಬಾಯಿಯನ್ನೇ ನೋಡಿದಳು. "ಸರ್, ಒಂದ ದವಡಿಲೆ ಮೆಲಕ ಹಾಕಾಕತ್ತೈತಿ. ಬಲಗಡೆ ಜೊಲ್ಲ ಸುರೀತೈತಿ."

ನಾನು ಗಡಿಯಾರ ನೋಡಿದೆ, ಒಂಬತ್ತಕ್ಕೆ ಐದು ನಿಮಿಷ. ಇನ್ನಿಪ್ಪತ್ತು ನಿಮಿಷಕ್ಕೆ ಫೋನ್ ಬರುತ್ತದೆ, ಇವಳು ಇದನ್ನೆಲ್ಲ ಹೇಳುತ್ತಾಳೆ, ಒಂಬತ್ತೂವರೆಯ ಬಸ್ಸಿಗೆ ಅವರು ಬರುತ್ತಾರೆ, ಎಮ್ಮೆಯ ಬಾಯಿಗೆ ಕೈ ಹಾಕುತ್ತಾರೆ, ಕಣ್ಣು ಹೋಗುತ್ತದೆ. ಬೈಲಹೊಂಗಲದ ದನದ ಡಾಕ್ಟರಿಗೆ ಫೋನ್ ಮಾಡಿದೆ. ಹನ್ನೊಂದಕ್ಕೆ ಬರುತ್ತೇನೆಂದರು.

"ಸುಮಿ, ಕಾಕಾ ಕೇಳಿದ್ರ ಎಲ್ಲಾ ಬರೋಬರಿ ಉಂಡಾವು ಅಂತ ಹೇಳು."

"ಉಂಡಿಲ್ಲಲ್ರಿ, ಸರ್."

"ಗೊತ್ತೈತೆವಾ. ಆದ್ರ ಅವರ ಕಣ್ಣು..."

"ಉಳಿಸಿದ್ದು ಹೇಳಬೇಕಂತ ಹೇಳ್ಯಾರಲ್ರಿ."

ಹುಡುಗಿಯ ಬಾಯಲ್ಲಿ ಸುಳ್ಳು ಹೇಳಿಸುವುದು ನನಗೂ ಸರಿಯೆನಿಸಲಿಲ್ಲ. ಆದ್ದರಿಂದ ಫೋನ್ ಬಂದಾಗ ನಾನೇ ಎತ್ತಿ, ನಾನೇ ಸುಳ್ಳು ಹೇಳಿದೆ. ಸುಳ್ಳಿನ ಅಭ್ಯಾಸ ಇಲ್ಲದವನ ಸುಳ್ಳಿನಂತೆ ಅದು ಬಹಳ ಉದ್ದವಾಯಿತು. ಎಲ್ಲ ಗ್ವಾದಲಿಯೂ ಸ್ವಚ್ಛ, ಎಲ್ಲವೂ ಆರಾಮ, ಹವೆ ಚೆನ್ನಾಗಿದೆ, ಮುರಗೋಡಿಯಂತೂ ಮೊದಲಿಗಿಂತ ದುಂಡಗಾಗಿದೆ ಎಂದೆಲ್ಲ ಹೇಳಿದೆ.

"ಮಾಸ್ತರ, ಇವತ್ತ ನೀವ್ಯಾಕ ಮಾತಾಡಾಕತ್ತೀರಿ? ಸುಮಿ ಎಲ್ಲಿ? ಮುರಗೋಡಿಗೆ ಏನಾಗೇತಿ?"

ನಾನು ಫೋನನ್ನು ಸುಮಿಗೆ ಕೊಟ್ಟುಬಿಟ್ಟೆ. ಅವಳು ಹೇಳಿದಳು. ಎಲೆ, ದಂಟು, ಉಂಡೆ, ದವಡೆ, ಜೊಲ್ಲು, ಎಲ್ಲವನ್ನೂ ಬಿಡದೆ. ಅವರು ಪ್ರಶ್ನೆ ಕೇಳಿದರು. ಅವಳು ಎಮ್ಮೆಯ ಹತ್ತಿರ ಹೋಗಿ ನೋಡಿ ಉತ್ತರಿಸಿದಳು. ನೀರು ಕುಡಿಯುತ್ತದೆ. ಮೂಗು ಒದ್ದೆಯಿದೆ. ಬಾವು ಇಲ್ಲ. ಹೊಟ್ಟೆ ಉಬ್ಬಿಲ್ಲ. ನಾನು ಗೋಡೆಗೆ ಒರಗಿ ನಿಂತು, ಬಸ್ಸಿನಲ್ಲಿ ಕಿಟಕಿಯ ಧೂಳು ಅವರ ಕಣ್ಣಿಗೆ ಹೋಗುವುದನ್ನು ಕಾಣುತ್ತಿದ್ದೆ. ಕೊನೆಗೆ ಫೋನ್ ನನ್ನ ಕೈಗೆ ಬಂತು.

"ದವಡ್ಯಾಗ ದಂಟಿನ ಸಿಬರ ಸಿಕ್ಕೈತ್ರಿ. ಡಾಕ್ಟರ್ ಬಂದು ತಗೀತಾರ. ಅಲ್ಲೀ ತನಕ ಹಸಿ ಮೇವ ಅಷ್ಟ ಹಾಕ್ರಿ."

"ನೀವು ಬರತೀರೇನ್ರಿ ಕಾಕಾ?" ಎಂದು ಕೇಳಿದೆ.

"ನಿಮ್ಮ ಮಾತ ಕೇಳಿ ಬರಾಂವ ಇದ್ನಿ. ಚಪ್ಪಲ್ ಮೆಟ್ಟಿದ್ನಿ. ಇದ್ದದ್ದ ಇದ್ದಂಗ ಹೇಳವ್ರು ಅಲ್ಲೇ ಅದಾರಂದ ಮ್ಯಾಲ ನಾ ಬಂದೇನ ಮಾಡ್ಲಿ? ಚಪ್ಪಲ್ ಬಿಟ್ಟೆ." ಅಷ್ಟು ಹೇಳಿ, "ನೀವೂ ಒಳ್ಳೇದಕ್ಕ ಹೇಳಿದ್ರಿ, ಬಿಡ್ರಿ. ಆದ್ರ ಇನ್ನ ಮುಂದ ಫೋನ್ ಹುಡುಗಿ ಕೈಯಾಗ ಇರ್ಲಿ," ಎಂದರು.

ಹನ್ನೊಂದಕ್ಕೆ ಡಾಕ್ಟರು ಬಂದು, ದವಡೆಗೂ ಕೆನ್ನೆಗೂ ನಡುವಿನಿಂದ ಬೆರಳುದ್ದದ ಒಂದು ಸಿಬಿರು ಎಳೆದು ತೆಗೆದರು. ಒಂದೆರಡು ದಿನ ತಡವಾಗಿದ್ದರೆ ಹುಣ್ಣಾಗಿ ಮೇವು ಪೂರ್ತಿ ಬಿಡುತ್ತಿತ್ತು, ಯಾರು ನೋಡಿದ್ದು ಇದನ್ನು ಎಂದು ಕೇಳಿದರು. ನಾನು ಸುಮಿಯ ಕಡೆ ಕೈ ಮಾಡಿದೆ. ಅವಳು ಮುರಗೋಡಿಯ ಗ್ವಾದಲಿಯನ್ನು ತೊಳೆಯುತ್ತಿದ್ದಳು, ನಮ್ಮ ಕಡೆ ನೋಡಲೂ ಇಲ್ಲ.

ಉಳಿದ ದಿನಗಳೂ ಕಳೆದವು. ಹದಿನಾರನೆಯ ದಿನ ಬೆಳಿಗ್ಗೆ ಕಾಕಾ ಬಂದರು. ಕಪ್ಪು ಕನ್ನಡಕ, ಕೈಯಲ್ಲಿ ಮಗಳು ಕೊಟ್ಟ ಚೀಲ. ಕನ್ನಡಕ ತೆಗೆದು ಮೊದಲು ಮಕ್ಕಳನ್ನೇ ನೋಡಿದರು, ಒಬ್ಬೊಬ್ಬರನ್ನಾಗಿ. "ನೀ ಏನ ಬಸು? ಎಷ್ಟ ಎತ್ತರ ಆಗೀಯೋ! ರೇಣುಕಾ, ಹಲ್ಲ ಯಾವಾಗ ಬಿತ್ತವಾ?" ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಗ್ವಾದಲಿಗಳ ಮುಂದೆ ನಡೆದರು. ಮುಟ್ಟಲಿಲ್ಲ, ನೋಡಿದರು. ಮುರಗೋಡಿಯ ಎರಡೂ ದವಡೆ ಆಡುವುದನ್ನು ನೋಡಿದರು. ಹಿಂದೆ ನಿಲ್ಲುವ ಆಡಿನ ಹೊಟ್ಟೆ ನೋಡಿದರು. ಅದರ ಮೈ ತುಂಬಿತ್ತು. ಕಣ್ಣಲ್ಲಿ ನೀರು ಬಂದರೆ ಹೊಲಿಗೆಗೆ ಏನಾದರೂ ಆದೀತೇ ಎಂದು ನಾನು ಡಾಕ್ಟರರನ್ನು ಕೇಳಿಯೇ ಇರಲಿಲ್ಲ. ಕೇಳಬೇಕಿತ್ತು.

ನೀರು ಬರಲಿಲ್ಲ. ಅವರು ಹಸಿ ಮೇವಿನ ಒಂದು ಸಣ್ಣ ಸಿವುಡು ಎತ್ತಿಕೊಂಡು ಮುರಗೋಡಿಯ ಕಡೆ ಹೊರಟರು.

"ಕಾಕಾ, ಮುರಗೋಡಿದು ಇವತ್ತ ರೇಣುಕಾನ ಪಾಳಿ," ಎಂದಳು ಸುಮಿ. ನಾನು ಮಾಡಿದ್ದ ಪಟ್ಟಿ ಮುಗಿದದ್ದರಿಂದ ಮಕ್ಕಳು ತಾವೇ ಮತ್ತೆ ಮೊದಲಿನಿಂದ ಶುರು ಮಾಡಿದ್ದರು.

"ಹೌದಾ? ಹಂಗಾರ ದೇಗಾಂವಿಗೆ ಹಾಕತೇನಿ."

"ಅದು ಬಸುಂದ್ರಿ."

"ಆಡೀಗೆ?"

"ಆಡೀಗೂ ಮಂದಿ ಅದಾರ್ರಿ."

"ಮತ್ತ ನಂದ ಯಾವಾಗವಾ?"

ಸುಮಿ ಗೋಡೆಯ ಮೇಲಿನ ಪಟ್ಟಿಯ ಹತ್ತಿರ ಹೋಗಿ ಮೇಲಿನಿಂದ ಕೆಳಗೆ ಬೆರಳಾಡಿಸಿದಳು. ಬದಲಿಯವರ ಸಾಲು ನೋಡಿದಳು, ಬದಲಿಯವರ ಬದಲಿಯವರನ್ನು ನೋಡಿದಳು. ನನ್ನ ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸರ್, ಕಾಕಾನ ಹೆಸರು ಎಲ್ಲೂ ಬರದ ಇಲ್ರಿ."

ಇಪ್ಪತ್ತೆರಡು ಮಕ್ಕಳು ನನ್ನನ್ನು ನೋಡಿದರು. ಕಾಕಾ ಕೂಡ ನೋಡಿದರು, ಈ ಸಲ ನೆಟ್ಟಗೆ ನನ್ನ ಮುಖವನ್ನೇ. ಆಮೇಲೆ ಸಿವುಡನ್ನು ರೇಣುಕಾಳ ಕೈಗೆ ಕೊಟ್ಟು, ಪಾಳಿಗೆ ನಿಂತಿದ್ದ ಮಕ್ಕಳ ಸಾಲಿನ ಕೊನೆಗೆ, ಮೂರನೆಯ ತರಗತಿಯ ಒಬ್ಬಳ ಹಿಂದೆ, ಹೋಗಿ ನಿಂತರು.